ಹುಡುಕಿ ಕೊಳ್ಳಿ, ಹುಡುಕಿ ಓದಿ: ಗಡಿ ಊರುಗಳಿಗೆ ಯಶಸ್ಸಿನ ಸೂತ್ರಗಳು

ನಾರಾಯಣಖೇಡ್ ಮತ್ತು ನಿರ್ಣಾ ಸರ್ಕಲ್ ಬಿಟ್ಟ ಜಹೀರಾಬಾದ್ ತಾಲ್ಲೂಕು 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು. ತಾಂಡೂರು ಕಲಬುರಗಿ ಜಿಲ್ಲೆಯ ತಾಲ್ಲೂಕಾಗಿತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ಮೂರೂ ಆಂಧ್ರಪ್ರದೇಶಕ್ಕೆ ಹೋದವು, 2014ರಿಂದ ತೆಲಂಗಾಣದಲ್ಲಿವೆ. ಕನ್ನಡ ಮನೆಮಾತಿನ ಕುಟುಂಬಗಳು ಇದ್ದಲ್ಲೇ ಉಳಿದವು. ಸಂತೆಗೆ ಬೀದರ್, ಆಸ್ಪತ್ರೆಗೆ ಹೈದರಾಬಾದ್, ಬೀಗತನಕ್ಕೆ ಸೇಡಂ, ಚಿಂಚೋಳಿ, ಔರಾದ್ ಎಂದು ಬದುಕು ಎರಡೂ ಕಡೆ ಹಬ್ಬಿಕೊಂಡಿದೆ.

ಇಂಥ ಮನೆಗಳಲ್ಲಿ ಎರಡು ಮಾತು ಮತ್ತೆ ಮತ್ತೆ ಕೇಳಿಬರುತ್ತವೆ. ‘ನಮ್ಮ ದೇಶದಾಗ ಮಾಡಿದ್ದು ಎಲ್ಲಿ ಸಿಗ್ತದರೀ, ಎಲ್ಲಾ ಹೊರಗಿಂದೇ’ ಎಂಬುದು ಒಂದು. ‘ಮಕ್ಕಳು ಕನ್ನಡ ಪುಸ್ತಕ ಮುಟ್ಟೋದೇ ಇಲ್ಲ’ ಎಂಬುದು ಇನ್ನೊಂದು. ನನ್ನ ಮಟ್ಟಿಗೆ ಎರಡಕ್ಕೂ ಕಾರಣ ಒಂದೇ: ಹುಡುಕುವುದು ಹೇಗೆಂದು ಯಾರೂ ಹೇಳಿಕೊಟ್ಟಿಲ್ಲ. ಇದನ್ನು ಮಾಡಿದವರು ಯಾರು, ಎಲ್ಲಿ ಮಾಡಿದರು ಎಂದು ಕೇಳುವ ಅಭ್ಯಾಸ ಬಂದರೆ ಅಂಗಡಿಯಲ್ಲೂ ಗೆಲ್ಲಬಹುದು, ಪುಸ್ತಕದ ಕಪಾಟಿನ ಮುಂದೆಯೂ ಗೆಲ್ಲಬಹುದು. ಅದಕ್ಕೆ ಈ ಸೂತ್ರಗಳು.

1. ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿ

ಕಂಪನಿ ಯಾರದು? ವಸ್ತು ತಯಾರಾದದ್ದು ಎಲ್ಲಿ? ಹೆಚ್ಚಿನವರು ಇವೆರಡನ್ನೂ ಒಂದೇ ಎಂದುಕೊಂಡು ಎಡವುತ್ತಾರೆ. ಐಫೋನ್ ಅಮೆರಿಕದ ಕಂಪನಿಯದು. ಆದರೆ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಅದನ್ನು ಜೋಡಿಸುವ ಕಾರ್ಖಾನೆಯಿದೆ. ತೈವಾನಿನ ವಿಸ್ಟ್ರಾನ್ ಕಟ್ಟಿದ ಆ ಕಾರ್ಖಾನೆಯನ್ನು 2023ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಕೊಂಡಿತು. ಇದಕ್ಕೆ ತದ್ವಿರುದ್ಧವಾಗಿ, ಅಪ್ಪಟ ಭಾರತೀಯ ಹೆಸರಿಟ್ಟುಕೊಂಡು ಒಳಗಿನದೆಲ್ಲವನ್ನೂ ಹೊರದೇಶದಿಂದ ತರಿಸಿ ಹೆಸರು ಮಾತ್ರ ಅಂಟಿಸುವ ಮಾರಾಟಗಾರರೂ ಇದ್ದಾರೆ. ನಿಮಗೆ ಯಾವುದು ಮುಖ್ಯ ಎಂದು ಅಂಗಡಿಗೆ ಹೋಗುವ ಮೊದಲೇ ಗಟ್ಟಿ ಮಾಡಿಕೊಳ್ಳಿ. ನಾನಾದರೆ ‘ಎಲ್ಲಿ ತಯಾರಾಯಿತು’ ಎಂಬುದನ್ನೇ ಮೊದಲು ಕೇಳುತ್ತೇನೆ. ನಮ್ಮ ಹುಡುಗ ಹುಡುಗಿಯರ ಕೈಗೆ ಕೆಲಸ ಸಿಗುವುದು ಅಲ್ಲಿ.

2. ಡಬ್ಬಿ ತಿರುಗಿಸಿ

‘ಅಣ್ಣಾ, ಡಬ್ಬಿ ಹಿಂದಿನ ಮಗ್ಗಲ ತೋರಿಸ್ರಿ’ ಎನ್ನಲು ಸಂಕೋಚ ಬೇಡ. ಪೊಟ್ಟಣ ಕಟ್ಟಿದ ಸರಕಿನ 2011ರ ನಿಯಮಗಳ ಪ್ರಕಾರ ಡಬ್ಬಿಯ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ತಯಾರಾದ ತಿಂಗಳು ಮತ್ತು ವರ್ಷ, ಎಂಆರ್‌ಪಿ, ದೂರು ಹೇಳಲು ಸಂಪರ್ಕ ಇರಲೇಬೇಕು. ಹೊರಗಿನಿಂದ ತಂದದ್ದಾದರೆ ಆಮದು ಮಾಡಿದವರ ವಿಳಾಸ ಮತ್ತು ಮೂಲ ದೇಶದ ಹೆಸರು ಬರೆಯಬೇಕು. ‘ಮ್ಯಾನುಫ್ಯಾಕ್ಚರ್ಡ್ ಬೈ’ ಎಂದಿದ್ದರೆ ಮಾಡಿದವರು. ‘ಮಾರ್ಕೆಟೆಡ್ ಬೈ’ ಎಂದಿದ್ದರೆ ಮಾರುವವರು ಮಾತ್ರ. ‘ಇಂಪೋರ್ಟೆಡ್ ಬೈ’ ಸಾಮಾನ್ಯವಾಗಿ ಅತಿ ಸಣ್ಣ ಅಕ್ಷರದಲ್ಲಿರುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ನೋಡಿ. ಆನ್‌ಲೈನಿನಲ್ಲಿ ತರಿಸುವವರಿಗೂ ದಾರಿಯಿದೆ. 2020ರ ಇ-ಕಾಮರ್ಸ್ ನಿಯಮ ಬಂದಮೇಲೆ ಮಾರಾಟದ ಪುಟದಲ್ಲೇ ಮೂಲ ದೇಶ ತೋರಿಸಬೇಕು. ಪುಟದ ಕೆಳಭಾಗದ ವಿವರಗಳಲ್ಲಿ ಅದು ಅಡಗಿರುತ್ತದೆ, ಅಲ್ಲಿಯವರೆಗೆ ಇಳಿಯುವ ತಾಳ್ಮೆ ಬೇಕು.

3. ನಂಬರಿನ ಬೆನ್ನು ಹತ್ತಿ

ನನಗೆ ಅತ್ಯಂತ ಪ್ರಿಯವಾದ ಸೂತ್ರ ಇದು. ಟಿವಿ, ಮೊಬೈಲ್, ಚಾರ್ಜರ್, ಪವರ್ ಬ್ಯಾಂಕ್, ಎಲ್‌ಇಡಿ ಬಲ್ಬುಗಳಂಥ ಸಾಮಾನಿಗೆ ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ ಇದೆ. 2012ರ ಆದೇಶದಿಂದ ಶುರುವಾದ ವ್ಯವಸ್ಥೆ ಅದು. ಡಬ್ಬಿ ಅಥವಾ ವಸ್ತುವಿನ ಮೇಲೆ ‘ಆರ್’ ಅಕ್ಷರ, ಅದರ ಮುಂದೆ ಎಂಟು ಅಂಕಿ ಇರುತ್ತವೆ. ‘ಬಿಐಎಸ್ ಕೇರ್’ ಎಂಬ ಉಚಿತ ಆ್ಯಪ್‌ನಲ್ಲಿ ಆ ಅಂಕಿ ಹಾಕಿ ಹುಡುಕಿದರೆ ನೋಂದಣಿ ನಿಜವೋ ಸುಳ್ಳೋ ಗೊತ್ತಾಗುತ್ತದೆ.

ಆದರೆ ಎಚ್ಚರ: ನೋಂದಣಿ ಇದ್ದ ಮಾತ್ರಕ್ಕೆ ವಸ್ತು ಸ್ವದೇಶಿಯಾಗುವುದಿಲ್ಲ. ಈ ನಂಬರು ಕೊಡುವುದು ಒಂದೊಂದು ಕಾರ್ಖಾನೆಗೆ, ಮತ್ತು ಹೊರದೇಶದ ಕಾರ್ಖಾನೆಗೂ ಅದು ಸಿಗುತ್ತದೆ. ಹೆಸರು ನೋಡಿ ಸುಮ್ಮನಾಗದೆ ಕಾರ್ಖಾನೆ ಯಾವ ಊರಿನದು, ಯಾವ ದೇಶದ್ದು ಎಂಬ ಸಾಲಿನವರೆಗೂ ಹೋಗಿ. ವೈರು, ಸ್ವಿಚ್ಚು, ಇಸ್ತ್ರಿ ಪೆಟ್ಟಿಗೆ, ಗೀಸರುಗಳ ವಿಷಯದಲ್ಲಿ ಐಎಸ್‌ಐ ಗುರುತು, ಅದರ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ನೋಡಬೇಕು. ಅದನ್ನೂ ಇದೇ ಆ್ಯಪ್‌ನಲ್ಲಿ ತಾಳೆ ನೋಡಬಹುದು. ಬರೀ ಐಎಸ್‌ಐ ಅಕ್ಷರ ಅಚ್ಚಾಗಿದ್ದು ಸಂಖ್ಯೆ ಇಲ್ಲದಿದ್ದರೆ ಆ ವೈರನ್ನು ಮನೆಯ ಗೋಡೆಯೊಳಗೆ ಸೇರಿಸಬೇಡಿ.

4. ತ್ರಿವರ್ಣ ನೋಡಿ ಮರುಳಾಗಬೇಡಿ

ಡಬ್ಬಿಯ ಮೇಲಿನ ಬಾವುಟ, ಸಿಂಹ, ‘ದೇಸಿ’ ಎಂಬ ದಪ್ಪ ಅಕ್ಷರ ಯಾವುದೂ ಸಾಕ್ಷಿಯಲ್ಲ. ವಿಳಾಸ ಒಂದೇ ಸಾಕ್ಷಿ.

5. ಈ ಕಣ್ಣು ಪಳಗಲು ಪತ್ತೇದಾರಿ ಕಾದಂಬರಿ ಓದಿ

ಸಣ್ಣ ವಿವರವನ್ನು ಹಿಡಿದುಕೊಂಡು ದೊಡ್ಡ ಸುಳ್ಳನ್ನು ಬಿಚ್ಚುವುದನ್ನು ಕನ್ನಡದಲ್ಲಿ ಎರಡು ಮೂರು ತಲೆಮಾರಿಗೆ ಕಲಿಸಿದವರು ಎನ್. ನರಸಿಂಹಯ್ಯ. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದವರು. ಅವರ ಪತ್ತೇದಾರ ಪುರುಷೋತ್ತಮ ಸಾಮಾನ್ಯ ಓದುಗರ ಮನೆಮಾತಾಗಿದ್ದ. ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ, ಬಾಡಿಗೆ ಪುಸ್ತಕದ ಲೈಬ್ರರಿಗಳಲ್ಲಿ ಕೈಯಿಂದ ಕೈಗೆ ಹೋಗಿ ರಟ್ಟು ಕಿತ್ತುಹೋದ ಪುಸ್ತಕಗಳವು. ವಿಮರ್ಶಕರು ಬಹುಕಾಲ ಅವುಗಳ ಕಡೆ ತಿರುಗಿ ನೋಡಲಿಲ್ಲ. ಅದು ಅನ್ಯಾಯ ಎಂದೇ ನನ್ನ ನಂಬಿಕೆ. ಕೂಡಿಸಿ ಓದಲು ಬಂದವರನ್ನು ದಿನವೂ ಓದುವವರನ್ನಾಗಿ ಮಾಡುವುದು ಸಣ್ಣ ಕೆಲಸವಲ್ಲ.

ಮ. ರಾಮಮೂರ್ತಿ (1918–1967) ಅವರನ್ನು ಇಂದು ನಾವು ನೆನೆಯುವುದು ಹಳದಿ-ಕೆಂಪು ಕನ್ನಡ ಬಾವುಟ ರೂಪಿಸಿದವರೆಂದು. ಅದೇ ರಾಮಮೂರ್ತಿ ಪತ್ತೇದಾರಿ ಕಾದಂಬರಿಗಳನ್ನೂ ಸಾಲುಸಾಲಾಗಿ ಬರೆದರು. ಕನ್ನಡ ಚಳವಳಿಗೆ ಜನ ಬೇಕಾದರೆ ಮೊದಲು ಕನ್ನಡ ಓದುವ ಜನ ಬೇಕೆಂಬುದು ಅವರ ಎರಡೂ ಕೆಲಸಗಳಲ್ಲಿ ಕಾಣುತ್ತದೆ. ಗಡಿ ಊರಿನ ನಮಗೆ ಇದಕ್ಕಿಂತ ಹತ್ತಿರದ ಪಾಠ ಬೇರೆ ಇಲ್ಲ.

6. ಸುತ್ತಲಿನ ಕಾರ್ಖಾನೆಗಳ ನಕ್ಷೆ ತಲೆಯಲ್ಲಿರಲಿ

ನಿಮಗೆ ದೇಶದ ಎರಡು ದೊಡ್ಡ ಎಲೆಕ್ಟ್ರಾನಿಕ್ಸ್ ನಗರಗಳ ನಂಟಿದೆ. ಬೆಂಗಳೂರಿನಲ್ಲಿ ದೂರವಾಣಿ ತಯಾರಿಸಲೆಂದು ಐಟಿಐ ಕಂಪನಿ 1948ರಲ್ಲಿ ಶುರುವಾಯಿತು, ಭಾರತ್ ಎಲೆಕ್ಟ್ರಾನಿಕ್ಸ್ 1954ರಲ್ಲಿ ಬಂತು. ಹೈದರಾಬಾದಿನಲ್ಲಿ 1967ರಲ್ಲಿ ಎಲೆಕ್ಟ್ರಾನಿಕ್ಸ್ ಕಂಪನಿ ಇಸಿಐಎಲ್ ಆರಂಭವಾಯಿತು. ಅದನ್ನು ಕಟ್ಟಿದ ವಿಜ್ಞಾನಿ ಎ.ಎಸ್. ರಾವ್ ಹೆಸರಿನಲ್ಲಿ ಅಲ್ಲೊಂದು ಬಡಾವಣೆಯೇ ಇದೆ. ಅದು ತಯಾರಿಸಿದ ಇಸಿ ಟಿವಿ ಎಂದರೆ ಹಳೆಯ ತಲೆಮಾರಿನವರಿಗೆ ಈಗಲೂ ನೆನಪಾದೀತು. ಮತದಾನದ ದಿನ ಜಹೀರಾಬಾದಿನಲ್ಲಿ ನೀವು ಗುಂಡಿ ಒತ್ತುವ ಯಂತ್ರವೂ ಈ ಎರಡು ಊರಿನ ಕಂಪನಿಗಳದೇ. ದೇಶದಲ್ಲಿ ಚುನಾವಣಾ ಆಯೋಗಕ್ಕೆ ಮತಯಂತ್ರ ಮಾಡಿಕೊಡುವುದು ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಇಸಿಐಎಲ್ ಮಾತ್ರ.

ಮನೆಬಳಕೆಯ ಸಾಮಾನಿಗೆ ಬಂದರೆ, ವೋಲ್ಟೇಜ್ ಏರಿಳಿತಕ್ಕೆ ಬೇಕಾಗುವ ಸ್ಟೆಬಿಲೈಸರಿನಿಂದಲೇ 1977ರಲ್ಲಿ ಕೊಚ್ಚಿಯಲ್ಲಿ ವಿ-ಗಾರ್ಡ್ ಹುಟ್ಟಿತು. ಹೈದರಾಬಾದಿನ ಫ್ಯಾಬ್ ಸಿಟಿಯಲ್ಲಿ ಟಿವಿ ಜೋಡಿಸುವ ಕಾರ್ಖಾನೆಗಳಿವೆ. ಇನ್ನು ಜಹೀರಾಬಾದಿನವರು ದೂರ ಹುಡುಕಬೇಕಾಗಿಯೇ ಇಲ್ಲ. ನಿಮ್ಮೂರಿನ ಮಹೀಂದ್ರ ಕಾರ್ಖಾನೆಯಲ್ಲಿ ಟ್ರ್ಯಾಕ್ಟರ್ ಜೊತೆಗೆ ವಿದ್ಯುತ್ ಆಟೋಗಳೂ ತಯಾರಾಗುತ್ತವೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ 12 ಕೈಗಾರಿಕಾ ನಗರಗಳ ಪಟ್ಟಿಯಲ್ಲಿ ಜಹೀರಾಬಾದ್ ಹೆಸರಿದೆ. ಐಟಿಐ, ಡಿಪ್ಲೊಮಾ ಓದುತ್ತಿರುವ ಮಕ್ಕಳಿದ್ದರೆ ಈ ಸೂತ್ರವನ್ನು ಅವರಿಗೆ ಓದಿ ಹೇಳಿ.

7. ಫ್ಯಾನಿನಿಂದ ಶುರು ಮಾಡಿ

ಮೊದಲ ಹುಡುಕಾಟಕ್ಕೆ ಮೊಬೈಲ್ ಬೇಡ, ಅದು ಕಗ್ಗಂಟು. ಸೀಲಿಂಗ್ ಫ್ಯಾನ್ ಸುಲಭ. ದೇಶದೊಳಗೆ ತಯಾರಾದವೇ ಹೇರಳವಾಗಿ ಸಿಗುತ್ತವೆ, ಮತ್ತು 2023ರ ಜನವರಿಯಿಂದ ಅವಕ್ಕೆ ವಿದ್ಯುತ್ ಉಳಿತಾಯದ ಸ್ಟಾರ್ ಗುರುತು ಕಡ್ಡಾಯ. ಹಳೆಯ ಮಾದರಿಯ ಫ್ಯಾನ್ ಸುಮಾರು 75 ವಾಟ್ ಎಳೆಯುತ್ತದೆ. ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟಾರಿನದು 30ರ ಆಸುಪಾಸು. ದಿನಕ್ಕೆ 15 ತಾಸು ತಿರುಗಿದರೆ ತಿಂಗಳಿಗೆ ಒಂದು ಫ್ಯಾನಿಗೆ ಸುಮಾರು 20 ಯುನಿಟ್ ಉಳಿತಾಯ. ತಾಂಡೂರಿನ ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಕಲ್ಲಿನ ಮನೆಯೊಳಗೆ ಫ್ಯಾನು 15 ತಾಸಿಗಿಂತಲೂ ಹೆಚ್ಚು ತಿರುಗುತ್ತದೆ, ಲೆಕ್ಕ ನೀವೇ ಮುಂದುವರಿಸಿ.

8. ಒಳಗಿನ ಸತ್ಯವನ್ನು ಒಪ್ಪಿಕೊಳ್ಳಿ

ಇಲ್ಲಿ ಜೋಡಿಸಿದ ಟಿವಿಯ ಪರದೆ, ಫೋನಿನ ಚಿಪ್ ಬಹುಪಾಲು ಹೊರಗಿನವೇ. ನೂರಕ್ಕೆ ನೂರು ಸ್ವದೇಶಿ ಬೇಕೆಂದು ಹಟ ಹಿಡಿದರೆ ಬರಿಗೈಯಲ್ಲಿ ಮನೆಗೆ ಬರುತ್ತೀರಿ. ಇದ್ದುದರಲ್ಲಿ ಹೆಚ್ಚು ಕೆಲಸ ಇಲ್ಲಿ ನಡೆದದ್ದನ್ನು ಆರಿಸಿ, ಮುಂದಿನ ಸಲ ಇನ್ನೊಂದು ಹೆಜ್ಜೆ ಮುಂದೆ ಹೋಗಿ.

9. ಬಿಲ್ಲು ಬಿಡಬೇಡಿ, ಗಡಿಗೆ ಅಂಜಬೇಡಿ

ನಾರಾಯಣಖೇಡಿನವರು ಬೀದರಿನಲ್ಲಿ ಫ್ರಿಜ್ ಕೊಳ್ಳುವುದು ಹೊಸದಲ್ಲ. ಮೊದಲು ಆ ಕಡೆ ಒಂದು ತೆರಿಗೆ, ಈ ಕಡೆ ಒಂದು ತೆರಿಗೆ ಇತ್ತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಮೇಲೆ ದರ ಎರಡೂ ಕಡೆ ಒಂದೇ. ‘ಬೇರೆ ರಾಜ್ಯದಲ್ಲಿ ಕೊಂಡಿದ್ದು, ಕೆಟ್ಟರೆ ಅಲ್ಲಿಗೇ ಹೋಗಿ ಜಗಳಾಡಬೇಕು’ ಎಂಬ ಭಯ ಇನ್ನೂ ಇದೆ. ಅದು ಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಇದಕ್ಕೆಲ್ಲ ಬೇಕಾದ ಆಧಾರ ಒಂದೇ, ಜಿಎಸ್‌ಟಿ ಸಂಖ್ಯೆ ಇರುವ ಬಿಲ್ಲು. ‘ಬಿಲ್ ಬೇಡಂದ್ರ ಸ್ವಲ್ಪ ಕಮ್ಮಿ ಮಾಡ್ತೀನಿ’ ಎಂಬ ಮಾತಿಗೆ ತಲೆಯಾಡಿಸಿದಿರೋ, ಕೈಕಟ್ಟಿ ಕೂತಂತೆ.

ಕೊಳ್ಳುವ ಮೊದಲು ಊರಿನ ರಿಪೇರಿಯವರನ್ನು ಕೇಳಿ ಬನ್ನಿ: ‘ಭಾಯಿ, ಇದರ ಪಾರ್ಟ್ ಸಿಗ್ತಾವೇನು?’ ಅಂಗಡಿಯ ಹುಡುಗ ಹೇಳದ್ದನ್ನು ಅವರು ಹೇಳುತ್ತಾರೆ. ತಯಾರಿಕೆ ಹತ್ತಿರವಿದ್ದಲ್ಲಿ ಬಿಡಿಭಾಗ ಸಿಗುವುದು ಹೆಚ್ಚು ಸಲೀಸು. ಸ್ವದೇಶಿ ಹುಡುಕುವುದರಲ್ಲಿ ಅಭಿಮಾನದ ಜೊತೆ ಈ ಲಾಭವೂ ಇದೆ.

10. ಒಂದು ರೇಡಿಯೋ ಇಟ್ಟುಕೊಳ್ಳಿ

ಜಹೀರಾಬಾದ್ ಹತ್ತಿರದ ಮಾಚನೂರಿನಿಂದ 2008ರ ಅಕ್ಟೋಬರಿನಲ್ಲಿ ಸಂಘಂ ರೇಡಿಯೋ ಶುರುವಾಯಿತು. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ರೈತ ಮಹಿಳೆಯರು ತಾವೇ ಧ್ವನಿ ಮುದ್ರಿಸಿ, ತಾವೇ ಸಂಕಲಿಸಿ ಬಿತ್ತರಿಸುವ ಸಮುದಾಯ ರೇಡಿಯೋ ಅದು. ಬೀಜದ ಮಾತು, ಹಬ್ಬದ ಹಾಡು, ಮನೆಮದ್ದು ಎಲ್ಲವೂ ಅಲ್ಲಿನ ಆಡುಮಾತಿನ ತೆಲುಗಿನಲ್ಲಿ. ಯಂತ್ರ ಯಾರ ಕೈಯಲ್ಲಿದೆ ಎಂಬುದು ಯಂತ್ರ ಎಲ್ಲಿ ತಯಾರಾಯಿತು ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಎಂದು ನನಗೆ ಅನ್ನಿಸಿದ್ದು ಇವರ ಕೆಲಸ ನೋಡಿಯೇ.

11. ಮನೆಯಲ್ಲಿ ಓದು ಶುರುವಾಗಬೇಕೆ? ತೇಜಸ್ವಿ ಕೊಡಿ

ಹದಿನಾರರ ಮಕ್ಕಳಿಗೆ ಮೊದಲ ಪುಸ್ತಕವಾಗಿ ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’ (1994) ಕೊಡಿ. ಏಲಕ್ಕಿ ಮಾರಲು ಹೊರಟ ಯುವ ದಂಪತಿ, ಮಲೆನಾಡಿನ ಒಂದು ಕತ್ತಲ ಕ್ರಾಸು, ರೈಲು, ಗುರುತು ಸಿಗದ ಬೆನ್ನಟ್ಟುವವರು ಎಂದಷ್ಟೇ ಹೇಳಿ ಕೈಗಿಡಿ, ಉಳಿದದ್ದನ್ನು ಪುಸ್ತಕವೇ ನೋಡಿಕೊಳ್ಳುತ್ತದೆ. ಆಮೇಲೆ ‘ಚಿದಂಬರ ರಹಸ್ಯ’. ಏಲಕ್ಕಿ ಸಂಶೋಧಕರೊಬ್ಬರ ಅನುಮಾನಾಸ್ಪದ ಸಾವಿನ ಸುತ್ತ ಬೆಳೆಯುವ ಈ ಕಾದಂಬರಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕೊಲೆಯ ಕುತೂಹಲ ಹಿಡಿದುಕೊಂಡು ಹೊರಟ ಓದುಗ ಕೊನೆಗೆ ಒಂದು ಊರು ಹೇಗೆ ಹೊತ್ತಿ ಉರಿಯುತ್ತದೆ ಎಂಬ ಪ್ರಶ್ನೆಯೆದುರು ನಿಲ್ಲುತ್ತಾನೆ. ಪತ್ತೇದಾರಿ ಎಂದರೆ ಕೀಳು ಎನ್ನುವವರಿಗೆ ಈ ಒಂದು ಪುಸ್ತಕ ತೋರಿಸಿದರೆ ಸಾಕು.

ಟಿ.ಕೆ. ರಾಮರಾಯರನ್ನೂ ಮರೆಯಬೇಡಿ. ‘ಬಂಗಾರದ ಮನುಷ್ಯ’ ಸಿನಿಮಾದ ಮೂಲ ಕಾದಂಬರಿ ಅವರದು ಎಂಬುದು ಹಲವರಿಗೆ ಗೊತ್ತು. ‘ಸೀಳು ನಕ್ಷತ್ರ’, ‘ದಿಬ್ಬದ ಬಂಗಲೆ’, ‘ತ್ರಿಕೋನದ ಮನೆ’ಯಂಥ ನಿದ್ದೆಗೆಡಿಸುವ ಕಥೆಗಳೂ ಅವರವೇ.

12. ನಿಮ್ಮ ನೆಲದ ರಹಸ್ಯ ಓದಿ

ಕೆ.ಎನ್. ಗಣೇಶಯ್ಯ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ ವಿಜ್ಞಾನಿ. ಇತಿಹಾಸದ ಬಿಡಿಸದ ಗಂಟುಗಳನ್ನು ರೋಚಕ ಕಾದಂಬರಿಗಳಾಗಿ ಬರೆಯುತ್ತಾರೆ. ‘ಕನಕ ಮುಸುಕು’ ಹೊಯ್ಸಳ ಶಿಲ್ಪಗಳ ಕೈಯಲ್ಲಿ ಕಾಣುವ ಮೆಕ್ಕೆಜೋಳದ ತೆನೆಯಂಥ ಆಕೃತಿಯ ಬೆನ್ನು ಹತ್ತುತ್ತದೆ. ‘ಕರಿಸಿರಿಯಾನ’ ವಿಜಯನಗರದ ಕಾಣೆಯಾದ ಸಂಪತ್ತನ್ನು ಹುಡುಕುತ್ತದೆ. ಜಹೀರಾಬಾದ್, ನಾರಾಯಣಖೇಡಿನವರು ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ‘ಏಳು ರೊಟ್ಟಿಗಳು’. ಅದು ಹೈದರಾಬಾದ್ ನಿಜಾಮರ ಸಂಪತ್ತಿನ ಸುತ್ತ ಹೆಣೆದದ್ದು. ಆಸಫ್ ಜಾಹಿ ಮನೆತನದ ಮೂಲಪುರುಷ ಒಬ್ಬ ಸಂತನ ಕೈಯಿಂದ ಏಳು ಕುಲ್ಚಾ ತಿಂದನಂತೆ, ಅದಕ್ಕೇ ಏಳು ತಲೆಮಾರು ಆಳಿದರಂತೆ ಎಂಬ ಕಥೆಯನ್ನು ನಿಮ್ಮ ಅಜ್ಜಿ ಹೇಳಿರಬಹುದು. 1948ರ ಸೆಪ್ಟೆಂಬರಿನಲ್ಲಿ ಏಳನೆಯವರ ಆಳ್ವಿಕೆ ಮುಗಿಯಿತು. ಗಣೇಶಯ್ಯ ತಮ್ಮ ಕಾದಂಬರಿಗಳಲ್ಲಿ ಅಡಿಟಿಪ್ಪಣಿ, ಚಿತ್ರ, ಆಧಾರಗಳನ್ನು ಕೊಡುತ್ತಾರೆ. ಯಾವುದು ಇತಿಹಾಸ, ಯಾವುದು ಕಲ್ಪನೆ ಎಂದು ಗೆರೆ ಎಳೆಯುತ್ತಾ ಓದಿ. ಆರ್ ನಂಬರಿನ ಬೆನ್ನು ಹತ್ತಿ ಕಾರ್ಖಾನೆಯ ವಿಳಾಸ ಮುಟ್ಟಿದ ಸಂತೋಷವೇ ಇಲ್ಲೂ ಸಿಗುತ್ತದೆ.

ಅಪರಾಧ ಕಥೆಗೆ ಈ ಸೀಮೆ ಹೊಸದೇನಲ್ಲ. ನಿಜಾಮರ ಸೇವೆಯಲ್ಲಿದ್ದು ಸುರಪುರದಲ್ಲಿ ಆಡಳಿತ ನಡೆಸಿದ ಮೆಡೋಸ್ ಟೇಲರ್ ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದಲ್ಲಿ ಇಂಗ್ಲಿಷಿನಲ್ಲಿ ಕಾದಂಬರಿ ಬರೆದದ್ದು 1839ರಲ್ಲಿ.

13. ಪಕ್ಕದ ಮನೆಯ ಕಪಾಟನ್ನೂ ತೆರೆಯಿರಿ

ಮೂರು ಭಾಷೆ ಬರುವುದು ಗಡಿಯವರ ಆಸ್ತಿ. ಬೆಂಗಳೂರಿನ ಓದುಗರಿಗೆ ಇಲ್ಲದ ಭಾಗ್ಯ ಇದು. ತೆಲುಗಿನಲ್ಲಿ ಕೊಮ್ಮೂರಿ ಸಾಂಬಶಿವರಾವ್ ಅವರ ಡಿಟೆಕ್ಟಿವ್ ಯುಗಂಧರ್ ಇದ್ದಾನೆ. ಯಂಡಮೂರಿ ವೀರೇಂದ್ರನಾಥರ ‘ತುಳಸಿದಳಂ’ ಕನ್ನಡಕ್ಕೆ ಪುಸ್ತಕವಾಗಿ ಬಂತು, 1985ರಲ್ಲಿ ಸಿನಿಮಾ ಕೂಡ ಆಯಿತು. ಉರ್ದು ಬಲ್ಲ ನೆರೆಯವರ ಹತ್ತಿರ ಇಬ್ನೆ ಸಫಿಯ ‘ಜಾಸೂಸಿ ದುನಿಯಾ’ ಕೇಳಿ ನೋಡಿ. 1952ರಲ್ಲಿ ಶುರುವಾದ ಆ ಮಾಲೆ ಎಷ್ಟೋ ಮನೆಗಳಲ್ಲಿ ಉರ್ದು ಓದನ್ನು ಉಳಿಸಿದೆ. ಮಕ್ಕಳು ಮೂರರಲ್ಲಿ ಯಾವ ಭಾಷೆಯಲ್ಲಿ ಓದಿದರೂ ತಡೆಯಬೇಡಿ. ಕುತೂಹಲ ಒಮ್ಮೆ ಹತ್ತಿದರೆ ಅದು ಕನ್ನಡಕ್ಕೂ ಬರುತ್ತದೆ.

14. ಪುಸ್ತಕ ಸಿಗುವ ಜಾಗ

ತಾಂಡೂರಿನವರಿಗೆ ರೈಲಿದೆ, ಹೈದರಾಬಾದಿಗೂ ಕಲಬುರಗಿ ಕಡೆಗೂ. ಕಲಬುರಗಿಯಲ್ಲಿ ಕನ್ನಡ ಪುಸ್ತಕದ ದೊಡ್ಡ ಅಂಗಡಿಗಳಿವೆ. ಹೈದರಾಬಾದಿನ ಅಬಿಡ್ಸ್‌ನಲ್ಲಿ ಭಾನುವಾರ ಪಾದಚಾರಿ ಮಾರ್ಗದ ಮೇಲೆ ಹಳೆಯ ಪುಸ್ತಕ ಹರಡುತ್ತಾರೆ. ಕನ್ನಡದ್ದು ಅಪರೂಪಕ್ಕೆ ಸಿಗಬಹುದು, ಸಿಕ್ಕರೆ ಮಾತ್ರ ಅಗ್ಗ. ಅಫ್ಜಲ್‌ಗಂಜಿನಲ್ಲಿ ಆಸಫಿಯಾ ಎಂದು 1891ರಲ್ಲಿ ಶುರುವಾದ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಹೋಗುವುದು ಆಗದಿದ್ದರೆ ‘ಮೈಲ್ಯಾಂಗ್’ ಆ್ಯಪ್‌ನಲ್ಲಿ ಕನ್ನಡದ ಇ-ಪುಸ್ತಕ, ಕೇಳುಪುಸ್ತಕ ಎರಡೂ ಇವೆ. ಕಬ್ಬಿನ ಗಾಡಿ ಓಡಿಸುತ್ತಲೂ ಕೇಳಬಹುದು.

ಓದುವಾಗ ಎರಡೇ ನಿಯಮ. ಕೊನೆಯ ಪುಟ ಮೊದಲೇ ತೆರೆಯಬಾರದು. ಮನೆಯಲ್ಲಿ ಇಬ್ಬರು ಓದುತ್ತಿದ್ದರೆ ಅರ್ಧಕ್ಕೆ ಬಂದಾಗ ತಮಗೆ ಅನುಮಾನವಿರುವ ಪಾತ್ರದ ಹೆಸರು ಚೀಟಿಯಲ್ಲಿ ಬರೆದು ಪುಸ್ತಕದ ರಟ್ಟಿನೊಳಗೆ ಇಡಬೇಕು. ಅತ್ತೆ-ಸೊಸೆ ಹೀಗೆ ಚೀಟಿ ಇಟ್ಟು ಓದಿದರೆ ರಾತ್ರಿ ಟಿವಿಯ ನೆನಪೇ ಆಗುವುದಿಲ್ಲ.

15. ಬರೆಯಿರಿ

ತಾಂಡೂರಿನ ನೀಲಿಗಲ್ಲಿನ ಗಣಿ, ಇಡೀ ರಾತ್ರಿ ಕೊರೆಯುವ ಪಾಲಿಶ್ ಯಂತ್ರ, 2022ರಲ್ಲಿ ಭೌಗೋಳಿಕ ಗುರುತು ಪಡೆದ ತೊಗರಿಯ ಗೋದಾಮು, ಜಹೀರಾಬಾದಿನ ಕಬ್ಬಿನ ಹಂಗಾಮು, ಮಾಂಜ್ರಾದ ಹಿನ್ನೀರು. ಒಂದು ಕಾಗದ ಕನ್ನಡದಲ್ಲಿ, ಹೊಲದ ಪಹಣಿ ಉರ್ದುವಿನಲ್ಲಿ, ಪೊಲೀಸ್ ಹೇಳಿಕೆ ತೆಲುಗಿನಲ್ಲಿ ಇರುವ ಒಂದು ಹಳೆಯ ಹೊಲದ ಖಟ್ಲೆ. ಇಂಥ ರಹಸ್ಯ ಕಥೆಯನ್ನು ಬೆಂಗಳೂರಿನಲ್ಲಿ ಕೂತವರು ಬರೆಯಲಾರರು. ಮೂರು ಲಿಪಿ ಓದಬಲ್ಲ ಪತ್ತೇದಾರ ಬೇಕಾದದ್ದು ಇಲ್ಲಿ, ಮತ್ತು ಅವನನ್ನು ಬಲ್ಲವರು ನೀವು. ಮೊದಲು ನಾಲ್ಕೈದು ಪುಟದ ಕಥೆ ಬರೆಯಿರಿ. ಮಾತೆಲ್ಲ ನಿಮ್ಮೂರಿನ ಆಡುಗನ್ನಡದಲ್ಲೇ ಇರಲಿ. ಊರಿನ ಹೆಸರು ಬದಲಿಸಬೇಡಿ, ಬದುಕಿರುವವರ ಹೆಸರು ಮಾತ್ರ ಬದಲಿಸಿ. ‘ಸುಧಾ’, ‘ತರಂಗ’, ‘ಮಯೂರ’ಗಳಲ್ಲಿ ಒಂದಕ್ಕೆ ಕಳಿಸಿ, ಉತ್ತರ ಬರುವಷ್ಟರಲ್ಲಿ ಎರಡನೆಯದನ್ನು ಶುರು ಮಾಡಿ.